ಅಬ್ಬರವೇ ಕಲೆಯಾದ ಗೀತರಚನಕಾರ: ಜಿಮ್ ಸ್ಟೈನ್‌ಮನ್

ರಾಕ್ ಸಂಗೀತಕ್ಕೆ ಹಾಡು ಬರೆದವರಲ್ಲಿ ಜಿಮ್ ಸ್ಟೈನ್‌ಮನ್ ಅವರಷ್ಟು ಎತ್ತರದ ದನಿಯಲ್ಲಿ ಬರೆದವರು ಇನ್ನೊಬ್ಬರಿಲ್ಲ. ಅವರ ಹಾಡಿನಲ್ಲಿ ಪ್ರೀತಿ ಜೀವನ್ಮರಣದ ಮಾತು, ವಿರಹ ಪ್ರಳಯಕ್ಕೆ ಸಮ. ಹದಿಹರೆಯದ ಹುಡುಗನೊಬ್ಬ ನಡುರಾತ್ರಿ ಬೈಕ್ ಏರಿ ಊರು ಬಿಟ್ಟರೆ ಅದಕ್ಕೆ ಪಿಯಾನೊ, ಗಿಟಾರು, ಡ್ರಮ್ಮು, ಗಾಯಕರ ದೊಡ್ಡ ಮೇಳ ಎಲ್ಲವೂ ಸಾಕ್ಷಿ ನಿಲ್ಲಬೇಕು. ರೇಡಿಯೊದವರು ಮೂರು ನಾಲ್ಕು ನಿಮಿಷಕ್ಕಿಂತ ಉದ್ದದ ಹಾಡು ಹಾಕಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಎಂಟು, ಹತ್ತು, ಹನ್ನೆರಡು ನಿಮಿಷದ ಹಾಡುಗಳನ್ನು ಕಟ್ಟಿದರು. ಜನ ಅವನ್ನು ಕೋಟಿಗಟ್ಟಲೆ ಕೊಂಡು ಕೇಳಿದರು.

ಅವರ ಹೆಸರು ಗೊತ್ತಿಲ್ಲದವರಿಗೂ ಅವರ ಹಾಡು ಗೊತ್ತಿರುತ್ತದೆ. ಬಾನಿ ಟೈಲರ್ ಹಾಡಿದ ‘ಟೋಟಲ್ ಎಕ್ಲಿಪ್ಸ್ ಆಫ್ ದಿ ಹಾರ್ಟ್’, ಏರ್ ಸಪ್ಲೈ ತಂಡದ ‘ಮೇಕಿಂಗ್ ಲವ್ ಔಟ್ ಆಫ್ ನಥಿಂಗ್ ಅಟ್ ಆಲ್’, ಸೆಲೀನ್ ಡಿಯಾನ್ ಅವರ ‘ಇಟ್ಸ್ ಆಲ್ ಕಮಿಂಗ್ ಬ್ಯಾಕ್ ಟು ಮಿ ನೌ’, ಮೀಟ್ ಲೋಫ್ ಅವರ ‘ಐ’ಡ್ ಡು ಎನಿಥಿಂಗ್ ಫಾರ್ ಲವ್’ ಈ ನಾಲ್ಕಕ್ಕೂ ಸಾಹಿತ್ಯ ಮತ್ತು ರಾಗ ಅವರದೇ. ಹಾಡಿದ ನಾಲ್ವರೂ ಬೇರೆ ಬೇರೆ ದೇಶದವರು, ಬೇರೆ ಬೇರೆ ಕಂಠದವರು. ಆದರೂ ನಾಲ್ಕನ್ನೂ ಒಟ್ಟಿಗೆ ಕೇಳಿದವರಿಗೆ ಬರೆದ ಕೈ ಒಂದೇ ಎಂಬುದು ತಾನಾಗಿ ತಿಳಿಯುತ್ತದೆ. ಹಾಡಿನ ಲೋಕದಲ್ಲಿ ಬರೆದವನ ಗುರುತು ಇಷ್ಟು ಗಾಢವಾಗಿ ಉಳಿಯುವುದು ಅಪರೂಪ.

ಸ್ಟೈನ್‌ಮನ್ ಹುಟ್ಟಿದ್ದು 1947ರ ನವೆಂಬರ್ 1ರಂದು, ನ್ಯೂಯಾರ್ಕ್‌ನಲ್ಲಿ. ಚಿಕ್ಕಂದಿನಿಂದ ಅವರನ್ನು ಹಿಡಿದವು ಎರಡು: ಒಪೆರಾ ಮತ್ತು ರಾಕ್. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಂಗೀತಕಾರ ರಿಚರ್ಡ್ ವಾಗ್ನರ್ ದೇವತೆಗಳ, ವೀರರ ಕಥೆಗಳನ್ನು ಗಂಟೆಗಟ್ಟಲೆ ನಡೆಯುವ ಸಂಗೀತ ನಾಟಕಗಳಾಗಿ ರಚಿಸಿದವರು. 1960ರ ದಶಕದ ಅಮೆರಿಕನ್ ನಿರ್ಮಾಪಕ ಫಿಲ್ ಸ್ಪೆಕ್ಟರ್ ಒಂದೇ ಕೋಣೆಯಲ್ಲಿ ಹತ್ತಾರು ವಾದ್ಯಗಳನ್ನು ಒಟ್ಟಿಗೆ ನುಡಿಸಿ, ಪ್ರತಿಧ್ವನಿ ಬೆರೆಸಿ, ಹದಿಹರೆಯದವರ ಪ್ರೇಮಗೀತೆಗೆ ಶಬ್ದದ ಗೋಡೆಯನ್ನೇ ಎಬ್ಬಿಸಿದವರು. ಇವರಿಬ್ಬರ ನಡುವೆ ದೊಡ್ಡ ಅಂತರವೇನೂ ಸ್ಟೈನ್‌ಮನ್‌ಗೆ ಕಾಣಲಿಲ್ಲ. ಯೌವನದ ಮೊದಲ ಪ್ರೀತಿ ಅನುಭವಿಸುವವರ ಪಾಲಿಗೆ ವಾಗ್ನರ್‌ನ ದೇವತೆಗಳ ಕಥೆಯಷ್ಟೇ ದೊಡ್ಡದು, ಹಾಗಾಗಿ ಅದರ ಸಂಗೀತವೂ ಅಷ್ಟೇ ದೊಡ್ಡದಿರಬೇಕು ಎಂಬುದು ಅವರ ನಂಬಿಕೆ. ಅವರ ಶೈಲಿಗೆ ‘ವಾಗ್ನರಿಯನ್ ರಾಕ್’ ಎಂಬ ಹೆಸರು ಬಿದ್ದದ್ದು ಹೀಗೆ.

ಅವರು ಶುರು ಮಾಡಿದ್ದು ರಂಗಭೂಮಿಯಿಂದ. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಓದುತ್ತಿದ್ದಾಗ 1969ರಲ್ಲಿ ‘ದಿ ಡ್ರೀಮ್ ಎಂಜಿನ್’ ಎಂಬ ಸಂಗೀತ ನಾಟಕ ಬರೆದು, ಮುಖ್ಯ ಪಾತ್ರವನ್ನೂ ತಾವೇ ಮಾಡಿದರು. ನ್ಯೂಯಾರ್ಕ್‌ನ ಪಬ್ಲಿಕ್ ಥಿಯೇಟರ್ ಕಟ್ಟಿದ ಜೋಸೆಫ್ ಪ್ಯಾಪ್ ಅದನ್ನು ನೋಡಿ ಮೆಚ್ಚಿ ಹಕ್ಕನ್ನು ಕೊಂಡರು. ನಾಟಕ ನ್ಯೂಯಾರ್ಕ್‌ನ ರಂಗಕ್ಕೆ ಬರಲಿಲ್ಲ. ಆದರೆ ಸ್ಟೈನ್‌ಮನ್‌ಗೆ ಪ್ಯಾಪ್ ಅವರ ಬಳಗದ ಬಾಗಿಲು ತೆರೆಯಿತು. ಅಲ್ಲಿ 1973ರ ‘ಮೋರ್ ದ್ಯಾನ್ ಯು ಡಿಸರ್ವ್’ ನಾಟಕಕ್ಕೆ ಪಾತ್ರಧಾರಿಗಳನ್ನು ಆರಿಸುವಾಗ ಡಲ್ಲಾಸ್‌ನ ದೈತ್ಯ ಕಾಯದ ಯುವಕನೊಬ್ಬ ಬಂದು ಹಾಡಿದ. ಮಾರ್ವಿನ್ ಲೀ ಅಡೇ ಎಂಬ ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೀಟ್ ಲೋಫ್ ಎಂದು. ಸ್ಟೈನ್‌ಮನ್‌ಗಿಂತ ಒಂದು ತಿಂಗಳಿಗೆ ದೊಡ್ಡವರಾದ ಮೀಟ್ ಲೋಫ್ ಒಪೆರಾ ಗಾಯಕನಂತೆ ದನಿ ತೆಗೆಯಬಲ್ಲವರಾಗಿದ್ದರು. ಅದಕ್ಕಿಂತ ಮುಖ್ಯವಾಗಿ, ಹಾಡುವಾಗ ಅವರು ನಟಿಸುತ್ತಿದ್ದರು. ಪ್ರತಿ ಸಾಲಿನಲ್ಲೂ ಒಂದು ಪಾತ್ರವಾಗಿ ನಿಲ್ಲುತ್ತಿದ್ದರು. ಸ್ಟೈನ್‌ಮನ್‌ಗೆ ಬೇಕಿದ್ದ ಗಾಯಕ ಸಿಕ್ಕಿದ್ದ.

ಇಬ್ಬರೂ ‘ನ್ಯಾಷನಲ್ ಲ್ಯಾಂಪೂನ್’ ಹಾಸ್ಯ ಪ್ರದರ್ಶನದ ತಂಡದಲ್ಲಿ ಸುತ್ತಾಡಿದರು. ಅದೇ ಕಾಲದಲ್ಲಿ ಸ್ಟೈನ್‌ಮನ್ ಪೀಟರ್ ಪ್ಯಾನ್ ಕಥೆಯನ್ನು ಭವಿಷ್ಯದ ಕಾಲಕ್ಕೆ ತಂದು ‘ನೆವರ್‌ಲ್ಯಾಂಡ್’ ಎಂಬ ರಾಕ್ ನಾಟಕ ಬರೆಯುತ್ತಿದ್ದರು. ಜೆ. ಎಂ. ಬ್ಯಾರಿ ಅವರ ಮೂಲ ಕಥೆಯಲ್ಲಿ ಪೀಟರ್ ಎಂದೂ ದೊಡ್ಡವನಾಗದ ಬಾಲಕ. ಎಂದೂ ಹರೆಯ ದಾಟದವರ ಈ ಕಲ್ಪನೆ ಸ್ಟೈನ್‌ಮನ್‌ರನ್ನು ಜೀವನವಿಡೀ ಬಿಡಲಿಲ್ಲ. 1977ರಲ್ಲಿ ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನಲ್ಲಿ ಈ ನಾಟಕದ ಪ್ರಾಯೋಗಿಕ ಪ್ರದರ್ಶನ ನಡೆಯಿತು. ಅದರ ಮೂರು ಹಾಡುಗಳು ಮೀಟ್ ಲೋಫ್ ದನಿಗೆ ಹೇಳಿ ಮಾಡಿಸಿದಂತಿದ್ದವು. ಅವುಗಳ ಸುತ್ತಲೇ ‘ಬ್ಯಾಟ್ ಔಟ್ ಆಫ್ ಹೆಲ್’ ಆಲ್ಬಂ ಬೆಳೆಯಿತು.

ಆ ಆಲ್ಬಂಗೆ ಕಂಪನಿ ಸಿಗುವುದೇ ಕಷ್ಟವಾಯಿತು. ಸ್ಟೈನ್‌ಮನ್ ಪಿಯಾನೊ ನುಡಿಸಿ ಮೀಟ್ ಲೋಫ್ ಹಾಡಿ ತೋರಿಸಿದಲ್ಲೆಲ್ಲ ತಿರಸ್ಕಾರವೇ ಎದುರಾಯಿತು. ಹೊಸಬರನ್ನು ಗುರುತಿಸುವುದರಲ್ಲಿ ಹೆಸರಾಗಿದ್ದ ಕ್ಲೈವ್ ಡೇವಿಸ್ ಕೂಡ ಒಪ್ಪಲಿಲ್ಲ. ಕೊನೆಗೆ ಧ್ವನಿಮುದ್ರಣದ ಹೊಣೆ ಹೊತ್ತವರು ಗಿಟಾರ್ ವಾದಕ ಟಾಡ್ ರಂಡ್‌ಗ್ರನ್. ಹಾಡುಗಳನ್ನು ಕೇಳಿದಾಗ ಇದು ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಶೈಲಿಯ ಅಣಕ ಎಂದು ತಮಗೆ ಅನ್ನಿಸಿದ್ದಾಗಿ, ಆ ಕಾರಣಕ್ಕೇ ಇಷ್ಟವಾದದ್ದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಸ್ಪ್ರಿಂಗ್‌ಸ್ಟೀನ್ ತಂಡದ ಪಿಯಾನೊ ವಾದಕ ರಾಯ್ ಬಿಟನ್, ಡ್ರಮ್ಸ್ ವಾದಕ ಮ್ಯಾಕ್ಸ್ ವೈನ್‌ಬರ್ಗ್ ಇಬ್ಬರೂ ಇದರಲ್ಲಿ ನುಡಿಸಿದರು. ಸ್ಟೀವ್ ಪೊಪೊವಿಚ್ ಎಂಬುವರ ಸಣ್ಣ ಕಂಪನಿ ಕ್ಲೀವ್‌ಲ್ಯಾಂಡ್ ಇಂಟರ್‌ನ್ಯಾಷನಲ್ 1977ರ ಅಕ್ಟೋಬರ್ 21ರಂದು ಆಲ್ಬಂ ಹೊರತಂದಿತು. ಮುಖಪುಟದಲ್ಲಿ ಗಾಯಕನ ಹೆಸರಿನ ಜೊತೆಗೆ ಹಾಡುಗಳು ಸ್ಟೈನ್‌ಮನ್ ಅವರವು ಎಂದೂ ಅಚ್ಚಾಗಿತ್ತು. ಹಾಡು ಬರೆದವರಿಗೆ ಅಂಥ ಗೌರವ ಸಿಗುತ್ತಿದ್ದದ್ದು ತೀರ ಕಡಿಮೆ.

ಅದು ಕಾಲಕ್ಕೆ ಪೂರ್ತಿ ವಿರುದ್ಧವಾಗಿದ್ದ ಕೃತಿ. ಮೂರೇ ಸ್ವರಮೇಳ, ಎರಡೇ ನಿಮಿಷ, ಅಲಂಕಾರಕ್ಕೆ ಧಿಕ್ಕಾರ ಎಂದು ಪಂಕ್ ಸಂಗೀತ ಎದ್ದುನಿಂತಿದ್ದ ವರ್ಷ ಅದು. ಸೆಕ್ಸ್ ಪಿಸ್ಟಲ್ಸ್ ತಂಡದ ಆಲ್ಬಂ ಬಂದದ್ದು ಇದರ ಒಂದೇ ವಾರದ ನಂತರ. ಅತ್ತ ಡಿಸ್ಕೊ ಅಲೆಯೂ ಏರುತ್ತಿತ್ತು. ಇವೆರಡರ ನಡುವೆ ಬಂದ ಈ ಆಲ್ಬಂ ಮೊದಮೊದಲು ನಿಧಾನವಾಗಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ ಬಿಬಿಸಿಯ ‘ದಿ ಓಲ್ಡ್ ಗ್ರೇ ವಿಸಲ್ ಟೆಸ್ಟ್’ ಕಾರ್ಯಕ್ರಮ ಇದರ ಚಿತ್ರೀಕರಣವನ್ನು ತೋರಿಸಿದ ಮೇಲೆ ಜನ ಮುಗಿಬಿದ್ದರು. ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಅದು ಒಟ್ಟು 500ಕ್ಕೂ ಹೆಚ್ಚು ವಾರ ಉಳಿದಿದೆ. ಅಮೆರಿಕದ ಪಟ್ಟಿಯಲ್ಲಿ 14ನೇ ಸ್ಥಾನಕ್ಕಿಂತ ಮೇಲೇರದಿದ್ದರೂ ವರ್ಷ ವರ್ಷವೂ ಮಾರಾಟವಾಗುತ್ತಲೇ ಹೋಯಿತು. ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂಬ ಅಂದಾಜಿದೆ.

ಸ್ಟೈನ್‌ಮನ್ ಕಸುಬಿನ ಗುಟ್ಟು ತಿಳಿಯಲು ಈ ಆಲ್ಬಂನ ಎರಡು ಹಾಡುಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ಆಲ್ಬಂನ ಹೆಸರಿನದೇ ಹಾಡು. 1960ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಪ್ರೇಮಿಯೊಬ್ಬ ವಾಹನ ಅಪಘಾತದಲ್ಲಿ ಸಾಯುವ ಹಾಡುಗಳ ಒಂದು ಮಾದರಿಯೇ ಇತ್ತು. ಅವೆಲ್ಲವನ್ನೂ ಮೀರಿಸುವ ಅಪಘಾತದ ಹಾಡು ಬರೆಯಬೇಕೆಂದು ಸ್ಟೈನ್‌ಮನ್ ಹೊರಟರು. ಹಾಡು ಹತ್ತು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ. ಗಾಯಕನ ದನಿ ಬರುವ ಮುಂಚೆಯೇ ಸುಮಾರು ಎರಡು ನಿಮಿಷ ಪಿಯಾನೊ ಮತ್ತು ಗಿಟಾರು ಓಡುತ್ತವೆ. ಒಪೆರಾದಲ್ಲಿ ಪರದೆ ಏಳುವ ಮುನ್ನ ವಾದ್ಯವೃಂದ ಕಥೆಯ ಹದ ಹಿಡಿದುಕೊಡುವ ಹಾಗೆಯೇ ಇದು. ನಡುವೆ ಓಟ ತಗ್ಗಿ ಹುಡುಗ ಹುಡುಗಿಗೆ ವಿದಾಯ ಹೇಳುತ್ತಾನೆ, ಮತ್ತೆ ವೇಗ ಏರುತ್ತದೆ. ಬೈಕಿನ ಆರ್ಭಟ ಬೇಕಾದಾಗ ರಂಡ್‌ಗ್ರನ್ ಗಿಟಾರಿನಲ್ಲೇ ಎಂಜಿನ್ ಸದ್ದು ಹುಟ್ಟಿಸಿದರು. ಅಪಘಾತದ ನಂತರದ ಭಾಗದಲ್ಲಿ ಸಾಯುತ್ತಿರುವವನ ಹೃದಯ ಎದೆಗೂಡು ಬಿಟ್ಟು ಹಾರುವ ಚಿತ್ರಣವಿದೆ. ಬರೀ ಓದಿದರೆ ಅತಿಯೆನಿಸುವ ಆ ಕಲ್ಪನೆ, ಎಂಟು ನಿಮಿಷ ಆ ವೇಗದಲ್ಲಿ ಸಾಗಿಬಂದ ಕಿವಿಗೆ ಸಹಜ ಎನ್ನಿಸುತ್ತದೆ. ಕೇಳುಗರನ್ನು ಆ ಎತ್ತರಕ್ಕೆ ಹೆಜ್ಜೆ ಹೆಜ್ಜೆಯಾಗಿ ಹತ್ತಿಸಿದ ಮೇಲೆಯೇ ಅವರು ದೊಡ್ಡ ಮಾತನ್ನು ಆಡಿಸುತ್ತಾರೆ.

ಎರಡನೆಯದು ‘ಪ್ಯಾರಡೈಸ್ ಬೈ ದಿ ಡ್ಯಾಶ್‌ಬೋರ್ಡ್ ಲೈಟ್’. ಎಂಟೂವರೆ ನಿಮಿಷದ ಮೂರಂಕದ ನಾಟಕವಿದು. ನಿಲ್ಲಿಸಿದ ಕಾರಿನಲ್ಲಿ ಹದಿನೇಳರ ಹುಡುಗ, ಹುಡುಗಿ. ಮೊದಲ ಅಂಕದಲ್ಲಿ ಇಬ್ಬರ ಉತ್ಸಾಹ, ಹಳೆಯ ರಾಕ್ ಅಂಡ್ ರೋಲ್ ಧಾಟಿ. ಅವರ ಸರಸ ಮುಂದುವರಿಯುತ್ತಿದ್ದಂತೆ ಹಾಡು ನಿಂತು ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಕೇಳಿಬರುತ್ತದೆ. ವಿವರಣೆ ಕೊಟ್ಟವರು ನ್ಯೂಯಾರ್ಕ್ ಯಾಂಕೀಸ್ ತಂಡದ ಹಳೆಯ ಆಟಗಾರ ಫಿಲ್ ರಿಜುಟೊ. ಓಟಗಾರ ಒಂದೊಂದೇ ನೆಲೆ ದಾಟಿ ಕೊನೆಯ ಗುರಿಗೆ ನುಗ್ಗುವ ಹೊತ್ತಿಗೆ ಹುಡುಗಿ ಎಲ್ಲವನ್ನೂ ತಡೆದು ನಿಲ್ಲಿಸುತ್ತಾಳೆ. ತನ್ನನ್ನು ಕೊನೆಯವರೆಗೂ ಪ್ರೀತಿಸುತ್ತಾನೋ ಇಲ್ಲವೋ ಈಗಲೇ ಹೇಳಬೇಕೆಂದು ಹಟ ಹಿಡಿಯುತ್ತಾಳೆ. ಹುಡುಗ ಬೆಳಗಿನ ತನಕ ಯೋಚಿಸಲು ಸಮಯ ಕೇಳುತ್ತಾನೆ. ಇದು ಎರಡನೇ ಅಂಕ. ಹುಡುಗಿಯಾಗಿ ಹಾಡಿದ ಎಲೆನ್ ಫೋಲಿ ಮತ್ತು ಮೀಟ್ ಲೋಫ್ ಒಬ್ಬರ ಮೇಲೊಬ್ಬರು ಏರಿ ಹಾಡುವ ಈ ಜಗಳ ಇಡೀ ಆಲ್ಬಂನ ಅತ್ಯುತ್ತಮ ಭಾಗ. ಕೊನೆಯ ಅಂಕದಲ್ಲಿ ಹುಡುಗ ಸೋತು ಆಣೆ ಮಾಡಿಬಿಡುತ್ತಾನೆ. ವರ್ಷಗಳು ಉರುಳುತ್ತವೆ. ಜೊತೆಗೆ ಬಾಳುವುದು ಅಸಹನೀಯವಾಗಿದೆ, ಕೊಟ್ಟ ಮಾತು ಮುರಿಯುವ ಹಾಗಿಲ್ಲ, ಆದ್ದರಿಂದ ಕಾಲವೇ ಮುಗಿದುಹೋಗಲಿ ಎಂದು ಇಬ್ಬರೂ ಪ್ರಾರ್ಥಿಸುತ್ತಾರೆ. ನಗಿಸುತ್ತಲೇ ಒಂದು ದಾಂಪತ್ಯದ ದುರಂತವನ್ನು ಇಷ್ಟು ಪೂರ್ಣವಾಗಿ ಹೇಳಿದ ರಾಕ್ ಹಾಡು ಮತ್ತೊಂದಿಲ್ಲ.

ಚಿಕ್ಕದಾಗಿ ಬರೆಯಲೂ ಅವರಿಗೆ ಬರುತ್ತಿತ್ತು. ಇಷ್ಟು ಜಟಿಲವಾಗಿ ಬರೆಯದೆ ಎಲ್ವಿಸ್ ಪ್ರೆಸ್ಲಿಯ ಹಾಡುಗಳಂತೆ ಸರಳವಾಗಿ ಏನಾದರೂ ಬರೆಯಬಾರದೇ ಎಂದು ಸಹ ಕಲಾವಿದೆಯೊಬ್ಬರು ಕೇಳಿದರಂತೆ. ಅದಕ್ಕುತ್ತರವಾಗಿ ಹುಟ್ಟಿದ್ದು ‘ಟೂ ಔಟ್ ಆಫ್ ತ್ರೀ ಏಂಟ್ ಬ್ಯಾಡ್’. ನೀನು ಬೇಕು, ನಿನ್ನ ಅಗತ್ಯವಿದೆ, ಆದರೆ ಪ್ರೀತಿಸಲಾರೆ ಎಂದು ಹೇಳುವ ಈ ಹಾಡು ಅಮೆರಿಕದ ಪಟ್ಟಿಯಲ್ಲಿ 11ನೇ ಸ್ಥಾನಕ್ಕೇರಿತು. ದಿನಬಳಕೆಯ ಸವಕಲು ನುಡಿಗಟ್ಟನ್ನು ಎತ್ತಿಕೊಂಡು, ಅದರ ಸುತ್ತ ಒಂದು ಸನ್ನಿವೇಶ ಕಟ್ಟಿ, ಕೊನೆಗೆ ಅದೇ ನುಡಿ ಎದೆಗೆ ನಾಟುವಂತೆ ಮಾಡುವುದು ಅವರ ಇನ್ನೊಂದು ಕೌಶಲ. ಅವರ ಹಾಡುಗಳ ಶೀರ್ಷಿಕೆಗಳಲ್ಲಿ ಅರ್ಧಕ್ಕರ್ಧ ಇಂಥವೇ.

ಗೆಲುವಿನ ಬೆನ್ನಿಗೆ ಪೆಟ್ಟೂ ಬಿತ್ತು. ದೀರ್ಘ ಪ್ರವಾಸದಿಂದ ದಣಿದ ಮೀಟ್ ಲೋಫ್ ದನಿ ಕಳೆದುಕೊಂಡರು. ಅವರಿಗಾಗಿ ಬರೆದಿಟ್ಟ ಹಾಡುಗಳನ್ನು 1981ರಲ್ಲಿ ಸ್ಟೈನ್‌ಮನ್ ಬಹುಪಾಲು ತಾವೇ ಹಾಡಿ ‘ಬ್ಯಾಡ್ ಫಾರ್ ಗುಡ್’ ಆಲ್ಬಂ ತಂದರು. ರಚನೆಗಳು ಭವ್ಯವಾಗಿವೆ. ಕಂಠ ಮಾತ್ರ ಆ ಭಾರ ಹೊರಲಾರದೆ ಬಳಲುತ್ತದೆ. ಹಾಡು ಎಷ್ಟು ದೊಡ್ಡದೋ ಗಾಯಕರೂ ಅಷ್ಟೇ ದೊಡ್ಡವರಾಗಿರಬೇಕು ಎಂಬುದನ್ನು ಈ ಆಲ್ಬಂ ತೋರಿಸಿಕೊಟ್ಟಿತು.

ಅಂಥ ಗಾಯಕಿ ತಾನಾಗಿಯೇ ಹುಡುಕಿಕೊಂಡು ಬಂದರು. ವೇಲ್ಸ್‌ನ ಬಾನಿ ಟೈಲರ್ 1970ರ ದಶಕದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಒರಟಾದ, ಒಡೆದ ದನಿ ಪಡೆದವರು. ಆಗ ಹಾಡುತ್ತಿದ್ದ ಮೆದು ಹಾಡುಗಳಿಂದ ಬೇಸತ್ತು, ಮೀಟ್ ಲೋಫ್ ಆಲ್ಬಂ ಮಾಡಿದವರೇ ತಮಗೂ ಬೇಕೆಂದು ಕೇಳಿದರು. ಸ್ಟೈನ್‌ಮನ್ ಕೊಟ್ಟದ್ದು ‘ಟೋಟಲ್ ಎಕ್ಲಿಪ್ಸ್ ಆಫ್ ದಿ ಹಾರ್ಟ್’. ಒಂಟಿ ಪಿಯಾನೊ ಮತ್ತು ಗಾಯಕ ರೋರಿ ಡಾಡ್ ಅವರ ಮೃದುವಾದ ಕರೆಯೊಂದಿಗೆ ಹಾಡು ಶುರುವಾಗುತ್ತದೆ. ಟೈಲರ್ ಉತ್ತರ ಕೊಡುತ್ತಾರೆ, ಪಿಸುಮಾತಿಗಿಂತ ತುಸು ಮೇಲಿನ ದನಿಯಲ್ಲಿ. ಚರಣದೊಳಗೇ ಶ್ರುತಿ ಮೇಲಕ್ಕೆ ಜರುಗುತ್ತ ಹೋಗುತ್ತದೆ. ಕೇಳುಗರಿಗೆ ಕಾರಣ ತಿಳಿಯದಿದ್ದರೂ ಕಾಲಡಿಯ ನೆಲ ಕದಲಿದ ಅನುಭವವಾಗುತ್ತದೆ. ಡ್ರಮ್ಸ್ ಸಿಡಿದು ಪಲ್ಲವಿ ಬರುವ ಹೊತ್ತಿಗೆ ಆ ಒಡೆದ ದನಿ ಇನ್ನೂ ಒಡೆದು ಚೂರಾಗುತ್ತದೆ. ಬೇರೆ ಗಾಯಕಿಯರಲ್ಲಿ ದೋಷ ಎನಿಸಬಹುದಾದ ಒರಟುತನವೇ ಇಲ್ಲಿ ಹಾಡಿನ ಜೀವ. ಸ್ಟೈನ್‌ಮನ್‌ಗೆ ಇದು ಮೊದಲು ರಕ್ತಪಿಶಾಚಿಗಳ ಪ್ರೇಮದ ಹಾಡಾಗಿ ಹೊಳೆದದ್ದಂತೆ. ಕತ್ತಲೆಗೆ ಅಷ್ಟು ಮಹತ್ವ ಸಿಕ್ಕಿದ್ದು ಅದರಿಂದಲೇ.

1983ರ ಅಕ್ಟೋಬರ್‌ನಲ್ಲಿ ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಅದೇ ದಿನಗಳಲ್ಲಿ ಎರಡನೇ ಸ್ಥಾನದಲ್ಲಿದ್ದದ್ದು ಆಸ್ಟ್ರೇಲಿಯಾದ ಏರ್ ಸಪ್ಲೈ ತಂಡದ ಹಾಡು, ಅದೂ ಸ್ಟೈನ್‌ಮನ್ ಬರೆದು ನಿರ್ಮಿಸಿದ್ದು. ಅದರ ರಾಗವನ್ನು ಅವರು 1980ರ ‘ಎ ಸ್ಮಾಲ್ ಸರ್ಕಲ್ ಆಫ್ ಫ್ರೆಂಡ್ಸ್’ ಚಲನಚಿತ್ರದ ಹಿನ್ನೆಲೆ ಸಂಗೀತದಲ್ಲಿ ಆಗಲೇ ಬಳಸಿದ್ದರು. ಒಂದು ಒಳ್ಳೆಯ ರಾಗಕ್ಕೆ ತಕ್ಕ ಜಾಗ ಸಿಗುವ ತನಕ ಅದನ್ನು ಮತ್ತೆ ಮತ್ತೆ ಬಳಸಿ ನೋಡುವುದು ಅವರ ಸ್ವಭಾವ. ಮರುವರ್ಷ ‘ಫುಟ್‌ಲೂಸ್’ ಚಿತ್ರಕ್ಕೆ ಡೀನ್ ಪಿಚ್‌ಫೋರ್ಡ್ ಜೊತೆ ಬರೆದ ‘ಹೋಲ್ಡಿಂಗ್ ಔಟ್ ಫಾರ್ ಎ ಹೀರೊ’ ಕೂಡ ಟೈಲರ್ ದನಿಯಲ್ಲೇ ಬಂತು.

‘ಇಟ್ಸ್ ಆಲ್ ಕಮಿಂಗ್ ಬ್ಯಾಕ್ ಟು ಮಿ ನೌ’ ಹಾಡಿನ ಪಯಣ ಇನ್ನೂ ದೀರ್ಘವಾದದ್ದು. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯಲ್ಲಿ ಹೀತ್‌ಕ್ಲಿಫ್ ಸತ್ತ ಪ್ರೇಯಸಿಯ ಸಮಾಧಿ ಅಗೆಯುತ್ತಾನೆ. ಪ್ರೀತಿಯ ಅಂಥ ಹಿಡಿತವನ್ನು ಹಾಡಾಗಿಸಲು ಸ್ಟೈನ್‌ಮನ್ ಹೊರಟರು. 1989ರಲ್ಲಿ ಪ್ಯಾಂಡೋರಾಸ್ ಬಾಕ್ಸ್ ಎಂಬ ಗಾಯಕಿಯರ ತಂಡದ ಆಲ್ಬಂನಲ್ಲಿ ಎಲೇನ್ ಕ್ಯಾಸ್‌ವೆಲ್ ಅದನ್ನು ಹಾಡಿದಾಗ ಯಾರೂ ಗಮನಿಸಲಿಲ್ಲ. ಮೀಟ್ ಲೋಫ್ ತನಗೆ ಬೇಕೆಂದು ಕೇಳಿದರು. ಇದು ಹೆಣ್ಣು ಹಾಡಬೇಕಾದ ಹಾಡು ಎಂದು ಸ್ಟೈನ್‌ಮನ್ ಒಪ್ಪಲಿಲ್ಲ. 1996ರಲ್ಲಿ ಕೆನಡಾದ ಸೆಲೀನ್ ಡಿಯಾನ್ ಹಾಡಿದಾಗ ಅದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೇರಿತು. ಅದಿದ್ದ ‘ಫಾಲಿಂಗ್ ಇಂಟು ಯು’ ಆಲ್ಬಂ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಗೆದ್ದಾಗ ನಿರ್ಮಾಪಕರಲ್ಲೊಬ್ಬರಾದ ಸ್ಟೈನ್‌ಮನ್‌ಗೂ ಅದರಲ್ಲಿ ಪಾಲು ಸಿಕ್ಕಿತು. ಟೈಲರ್ ಒಡೆದು ಹಾಡಿದರೆ ಡಿಯಾನ್ ಹಿಡಿತ ತಪ್ಪದೆ ಹಾಡುತ್ತಾರೆ. ತಡೆದು ತಡೆದು ಬಿಟ್ಟ ದನಿ ಕೊನೆಯಲ್ಲಿ ಪೂರ್ತಿ ತೆರೆದುಕೊಳ್ಳುವುದು ಈ ಹಾಡಿಗೆ ಹೆಚ್ಚು ಒಪ್ಪುತ್ತದೆ. ಗಾಯಕಿಯನ್ನು ಆರಿಸುವ ವಿಷಯದಲ್ಲಿ ಸ್ಟೈನ್‌ಮನ್ ಹಟ ಸರಿಯಾಗಿಯೇ ಇತ್ತು.

ಮೀಟ್ ಲೋಫ್ ಜೊತೆಗಿನ ನಂಟು ಕೂಡುತ್ತ ಮುರಿಯುತ್ತ ಸಾಗಿತು. 1993ರಲ್ಲಿ ಇಬ್ಬರೂ ಮತ್ತೆ ಸೇರಿ ‘ಬ್ಯಾಟ್ ಔಟ್ ಆಫ್ ಹೆಲ್’ನ ಎರಡನೇ ಭಾಗ ತಂದಾಗ ‘ಐ’ಡ್ ಡು ಎನಿಥಿಂಗ್ ಫಾರ್ ಲವ್’ 28 ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು. ಆಲ್ಬಂನಲ್ಲಿ ಅದರ ಉದ್ದ ಹನ್ನೆರಡು ನಿಮಿಷ. ಪ್ರೀತಿಗಾಗಿ ಏನನ್ನಾದರೂ ಮಾಡುತ್ತೇನೆ, ಅದೊಂದನ್ನು ಮಾತ್ರ ಮಾಡಲಾರೆ ಎನ್ನುವ ಗಾಯಕನ ಮಾತಿನಲ್ಲಿ ‘ಅದು’ ಯಾವುದೆಂದು ಜಗತ್ತೆಲ್ಲ ತಲೆ ಕೆಡಿಸಿಕೊಂಡಿತು. ಉತ್ತರ ಹಾಡಿನಲ್ಲೇ ಇದೆ. ಪ್ರತಿ ಬಾರಿಯೂ ಆ ಮಾತಿಗೆ ತುಸು ಮುಂಚೆ ಅವನು ಎಂದೂ ಮಾಡದ ತಪ್ಪೊಂದನ್ನು ಹೆಸರಿಸಿರುತ್ತಾನೆ. ಕೊನೆಯಲ್ಲಿ ಹೆಣ್ಣು ದನಿ ಬಂದು ನೀನು ಬೇಸತ್ತು ಮೋಸ ಮಾಡುತ್ತೀ ಎಂದಾಗ ಅವನು ಮಾಡಲಾರೆ ಎನ್ನುವುದೂ ಅದನ್ನೇ. 2006ರ ಹೊತ್ತಿಗೆ ಆಲ್ಬಂನ ಹೆಸರಿನ ಹಕ್ಕಿಗಾಗಿ ಇಬ್ಬರ ನಡುವಿನ ಜಗಳ ಮೊಕದ್ದಮೆ ಹೂಡುವ ಮಟ್ಟಕ್ಕೆ ಹೋಗಿ, ಬಳಿಕ ರಾಜಿಯಾಯಿತು.

ರಂಗಭೂಮಿಯಲ್ಲಿ ಅವರಿಗೆ ಸಿಹಿಯೂ ಸಿಕ್ಕಿತು, ಕಹಿಯೂ ಸಿಕ್ಕಿತು. ಆಂಡ್ರೂ ಲಾಯ್ಡ್ ವೆಬರ್ ಸಂಗೀತದ ‘ವಿಸಲ್ ಡೌನ್ ದಿ ವಿಂಡ್’ ನಾಟಕಕ್ಕೆ ಸಾಹಿತ್ಯ ಬರೆದರು. ಅದರ ‘ನೋ ಮ್ಯಾಟರ್ ವಾಟ್’ ಬಾಯ್‌ಜೋನ್ ತಂಡದ ದನಿಯಲ್ಲಿ 1998ರಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. 1997ರಲ್ಲಿ ವಿಯೆನ್ನಾದಲ್ಲಿ ರೋಮನ್ ಪೊಲಾನ್ಸ್‌ಕಿ ನಿರ್ದೇಶನದಲ್ಲಿ, ಮೈಕೆಲ್ ಕುಂಜೆ ಅವರ ಜರ್ಮನ್ ಸಾಹಿತ್ಯದೊಂದಿಗೆ ಬಂದ ‘ತಾನ್ಸ್ ಡೆರ್ ವಾಂಪಿರೆ’ (ರಕ್ತಪಿಶಾಚಿಗಳ ನೃತ್ಯ) ಭಾರಿ ಯಶಸ್ಸು ಕಂಡು ಜರ್ಮನಿ, ಹಂಗೇರಿ, ಜಪಾನ್‌ಗಳಿಗೂ ಹೋಯಿತು. ಟೈಲರ್ ಹಾಡಿನ ರಾಗ ಅಲ್ಲಿ ನಿಜವಾಗಿಯೂ ರಕ್ತಪಿಶಾಚಿಯ ಪ್ರೇಮಗೀತೆಯಾಯಿತು. ಅದೇ ನಾಟಕ 2002ರಲ್ಲಿ ಇಂಗ್ಲಿಷಿನಲ್ಲಿ ಬ್ರಾಡ್‌ವೇಗೆ ಬಂದಾಗ ಕಥೆಯಲ್ಲಿ ಅತಿಯಾಗಿ ಹಾಸ್ಯ ತುಂಬಲು ಹೋಗಿ ಕೆಡಿಸಿದರು. 56 ಪ್ರದರ್ಶನಕ್ಕೆ ಅದು ಮುಚ್ಚಿತು. ಸ್ಟೈನ್‌ಮನ್ ಕೃತಿಯನ್ನು ಅರೆಮನಸ್ಸಿನಿಂದ ಆಡಲಾಗದು. ಆಡುವವರು ಅದನ್ನು ನಂಬದಿದ್ದರೆ ಉಳಿಯುವುದು ಗದ್ದಲ ಮಾತ್ರ.

ಅವರ ಮಿತಿಗಳೂ ಸ್ಪಷ್ಟವಾಗಿವೆ. ಒಂದೇ ಚಿತ್ರಗಳು, ಒಂದೇ ಸಾಲುಗಳು ಹಾಡಿನಿಂದ ಹಾಡಿಗೆ ಅಲೆಯುತ್ತವೆ. ರಾತ್ರಿ, ಬೈಕು, ದೇವದೂತರು, ಹರೆಯ ಬಿಟ್ಟು ಆಚೆಯ ಬದುಕಿಗೆ ಅವರ ಲೋಕದಲ್ಲಿ ಜಾಗ ಕಡಿಮೆ. ಆದರೆ ಹರೆಯದವರ ಭಾವನೆಯನ್ನು ದೊಡ್ಡವರ ಎತ್ತರದಿಂದ ನೋಡಿ ನಗದೆ, ಅದಕ್ಕೆ ಒಪೆರಾದ ಘನತೆ ಕೊಟ್ಟ ಗೀತರಚನಕಾರ ಅವರು. ಹಾಡುಗಳು ಇಷ್ಟು ಕಾಲ ಬಾಳಿರುವುದು ಈ ಗೌರವದಿಂದಲೇ.

2012ರಲ್ಲಿ ಅವರ ಹೆಸರು ಅಮೆರಿಕದ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಸೇರಿತು. 2017ರಲ್ಲಿ ‘ಬ್ಯಾಟ್ ಔಟ್ ಆಫ್ ಹೆಲ್’ ಸಂಗೀತ ನಾಟಕ ಮ್ಯಾಂಚೆಸ್ಟರ್‌ನಲ್ಲಿ, ಬಳಿಕ ಲಂಡನ್ನಿನಲ್ಲಿ ರಂಗಕ್ಕೇರಿತು. ಪಾಳುಬಿದ್ದ ನಗರದಲ್ಲಿ ಎಂದೆಂದಿಗೂ ಹದಿನೆಂಟೇ ವರ್ಷದವರಾಗಿ ಉಳಿಯುವ ಹುಡುಗರ ಕಥೆ ಅದು. ಆಲ್ಬಂ ಆಗಿ ಚದುರಿಹೋಗಿದ್ದ ‘ನೆವರ್‌ಲ್ಯಾಂಡ್’ ನಾಲ್ಕು ದಶಕಗಳ ಮೇಲೆ ನಾಟಕವಾಗಿ ಪೂರ್ಣಗೊಂಡಿತು. 2021ರ ಏಪ್ರಿಲ್ 19ರಂದು ಕನೆಕ್ಟಿಕಟ್‌ನಲ್ಲಿ, 73ನೇ ವಯಸ್ಸಿನಲ್ಲಿ ಸ್ಟೈನ್‌ಮನ್ ತೀರಿಕೊಂಡರು. ಒಂಬತ್ತು ತಿಂಗಳ ನಂತರ, 2022ರ ಜನವರಿ 20ರಂದು ಮೀಟ್ ಲೋಫ್ ಕೂಡ ಹೋದರು.

ಸ್ಟೈನ್‌ಮನ್ ಹಾಡುಗಳನ್ನು ಹೊಸದಾಗಿ ಕೇಳಲು ಹೊರಟವರು ರೇಡಿಯೊಗಾಗಿ ಕತ್ತರಿಸಿದ ಆವೃತ್ತಿಗಳನ್ನು ಬಿಟ್ಟು ಆಲ್ಬಂನ ಪೂರ್ಣ ಆವೃತ್ತಿಗಳನ್ನೇ ಹುಡುಕಬೇಕು. ಏಳು ನಿಮಿಷದ ‘ಟೋಟಲ್ ಎಕ್ಲಿಪ್ಸ್’ನಿಂದ ಆರಂಭಿಸಿ, ಬಳಿಕ ‘ಪ್ಯಾರಡೈಸ್’ ಕೇಳಿ, ಆಮೇಲೆ 1977ರ ಆಲ್ಬಂನ ಏಳೂ ಹಾಡುಗಳನ್ನು ಒಂದೇ ಸಲ ಕೂತು ಕೇಳುವುದು ಒಳ್ಳೆಯ ಕ್ರಮ. ದನಿಯನ್ನು ಸಾಕಷ್ಟು ಏರಿಸಿಯೇ ಕೇಳಿ.